ಬೂಟ್

ವಿದ್ಯಾನಗರದ ರಿಪೇರಿ ಅಂಗಡಿಗೆ ಹಳೇ ಕಂಪ್ಯೂಟರ್ ಹೊತ್ತು ತಂದವರು ಹೇಳುವ ಮೊದಲ ಮಾತು, "ಸಿಸ್ಟಮ್ ಬೂಟ್ ಆಗ್ತಿಲ್ಲ, ಸ್ವಲ್ಪ ನೋಡ್ರಿ ಸರ್." ಈ ಬೂಟ್ ನಾವು ಕಾಲಿಗೆ ಹಾಕುವ ಬೂಟಿನ ನಂಟಿನದೇ. ಬೂಟಿನ ಹಿಂಬದಿಯ ಎಳೆಪಟ್ಟಿಗೆ ಇಂಗ್ಲಿಷಿನಲ್ಲಿ ಬೂಟ್‌ಸ್ಟ್ರಾಪ್ ಎಂದು ಹೆಸರು. ಆ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಆಗದ ಕೆಲಸಕ್ಕೆ ಇಂಗ್ಲಿಷಿನವರು ಹೇಳುವ ಮಾತು. 1950ರ ದಶಕದಲ್ಲಿ ಕಂಪ್ಯೂಟರಿನವರು ಅದನ್ನು ಎತ್ತಿಕೊಂಡರು. ಬಹಳ ಸರಿಯಾದ ಆಯ್ಕೆ: ಪ್ರೋಗ್ರಾಮ್ ತುಂಬಲು ಇನ್ನೊಂದು ಪ್ರೋಗ್ರಾಮ್ ಬೇಕು, ಅದನ್ನು ತುಂಬುವವರು ಯಾರು?

ಹಳೆಯ ಪಿಸಿಯಲ್ಲಿ ಉತ್ತರ ಹೀಗಿದೆ. ಸ್ವಿಚ್ ಒತ್ತಿದೊಡನೆ, ಮದರ್‌ಬೋರ್ಡಿನ ಚಿಪ್ಪಿನಲ್ಲೇ ಕೂತಿರುವ ಬಯಾಸ್ ಎಂಬ ಪ್ರೋಗ್ರಾಮ್ ಎದ್ದು ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದುತ್ತದೆ. ಅದರಲ್ಲಿ 64 ಬೈಟ್ ಪಾರ್ಟಿಷನ್, ಅಂದರೆ ಡಿಸ್ಕಿನ ಭಾಗಗಳ, ಪಟ್ಟಿಗೆ ಮೀಸಲು. ನಾಲ್ಕೇ ಸಾಲು, ಸಾಲಿಗೆ 16 ಬೈಟ್. ಸಾಲಿನ ಮೊದಲ ಬೈಟ್ 80 (ಹದಿನಾರರ ಲೆಕ್ಕದಲ್ಲಿ) ಇದ್ದರೆ ಆ ಪಾರ್ಟಿಷನ್ 'ಆಕ್ಟಿವ್', 00 ಇದ್ದರೆ ಅಲ್ಲ. ಆಕ್ಟಿವ್ ಇರುವ ಭಾಗದ ಮೊದಲ ಸೆಕ್ಟರಿಗೆ ಕೆಲಸ ದಾಟುತ್ತದೆ, ಅಲ್ಲಿಂದ ವಿಂಡೋಸ್ ಏಳುತ್ತದೆ. ಫೋಟೊ, ಸಿನಿಮಾ ಇಟ್ಟ ಡಿ ಡ್ರೈವನ್ನು ಯಾರಾದರೂ ತಿಳಿಯದೆ ಆಕ್ಟಿವ್ ಮಾಡಿದರೆ 'ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್' ಎಂದು ಪರದೆ ಕಪ್ಪಗೆ ನಿಲ್ಲುತ್ತದೆ. ಡೇಟಾ ಎಲ್ಲೂ ಹೋಗಿರುವುದಿಲ್ಲ, ತಪ್ಪಿರುವುದು ಗುರುತು ಮಾತ್ರ.

ಬಯಾಸ್ ಬದಲು ಯುಇಎಫ್ಐ, ಹಳೆಯ ಪಾರ್ಟಿಷನ್ ಪಟ್ಟಿಯ ಬದಲು ಜಿಪಿಟಿ ಇರುವ ಹೊಸ ಯಂತ್ರಗಳಿಗೆ ಈ ಗುರುತು ಬೇಡ. ಹಳೆಯದು ಕೈಯಲ್ಲಿದ್ದರೆ, ಬೂಟ್ ಆಗಲಿಲ್ಲವೆಂದು ಫಾರ್ಮ್ಯಾಟ್ ಮಾಡಲು ಒಪ್ಪುವ ಮುನ್ನ ಆಕ್ಟಿವ್ ಯಾವುದಿದೆ ಎಂದು ಒಮ್ಮೆ ನೋಡಿಸಿ.