ಡ್ರೈವರಿನ ತಿರುಪು

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ. ಘಾಜಿಯಾಬಾದಿನ ನಮ್ಮ ವೈಶಾಲಿಯಲ್ಲಿ ಎದುರಿನ ಟವರು ಕಾಣದಷ್ಟು ಮಂಜು. ಅಂಥದರಲ್ಲೂ ಆಫೀಸಿನ ಹಿರಿಯರೊಬ್ಬರು ಗೇಟಿನ ಹತ್ತಿರ ಕಾರು ನಿಲ್ಲಿಸಿ ಫೋನ್ ಮಾಡಿದರು. ಹೊಸ ಡ್ರೈವರ್ ಬಂದಿದೆ, ನೋಯ್ಡಾ ಕಡೆ ಪ್ರಾಕ್ಟೀಸ್ ರೇಂಜಿಗೆ ಹೋಗೋಣ ಬನ್ನಿ ಅಂತ. ಡ್ರೈವರ್ ಅಂದರೆ ಕಾರು ಓಡಿಸುವವನಲ್ಲ. ಗಾಲ್ಫಿನಲ್ಲಿ ಮೊದಲ ದೂರದ ಹೊಡೆತಕ್ಕೆ ಹಿಡಿಯುವ, ದಪ್ಪ ತಲೆಯ ಉದ್ದ ಕೋಲು.

ರೇಂಜಿನಲ್ಲಿ ಅವರು ಮೊದಲು ಹೊರತೆಗೆದದ್ದು ಕೋಲನ್ನಲ್ಲ, ಅಂಗೈಯಗಲದ ಒಂದು ಸ್ಪ್ಯಾನರನ್ನು. ಕೋಲೂ ತಲೆಯೂ ಸೇರುವ ಕಡೆ ಒಂದು ತಿರುಪಿದೆ. ಅದನ್ನು ಸಡಿಲಿಸಿ, ತಲೆಯನ್ನು ಒಂದೆರಡು ಮನೆ ಸರಿಸಿ, ಮತ್ತೆ ಬಿಗಿ ಮಾಡಬೇಕು. ಸಾಕಷ್ಟು ಬಿಗಿಯಾದಾಗ ಸ್ಪ್ಯಾನರೇ 'ಟಕ್' ಅನ್ನುತ್ತದೆ. ಇಷ್ಟರಿಂದ ಚೆಂಡಿಗೆ ತಾಗುವ ಮುಖದ ಓರೆ ಒಂದೆರಡು ಡಿಗ್ರಿ ಬದಲಾಗುತ್ತದೆ. ಬಲಕ್ಕೆ ಬಾಗಿ ಹೋಗುವ ಚೆಂಡು ನೇರವಾಗುತ್ತದೆ, ಅಥವಾ ಆಗಬೇಕು.

ಸುತ್ತ ನಾಲ್ಕೈದು ಜನ ಸೇರಿದರು. ನಿವೃತ್ತ ಫೌಜಿಯೊಬ್ಬರು ಇದು ಆಟವಲ್ಲ, ಗ್ಯಾರೇಜು ಅಂದರು. ಇನ್ನೊಬ್ಬರು ಬೆಲೆ ಕೇಳಿ ಸುಮ್ಮನಾದರು. ಮೂರನೆಯವರು 'ಒಂದು ಶಾಟ್ ಕೊಡಿ' ಅಂತ ಕೈ ಚಾಚಿದರು. ನಮ್ಮವರು ಹೊಡೆದರು, ಚೆಂಡು ಬಲಕ್ಕೇ ಹೋಯಿತು. ತಿರುಪಿ ಹೊಡೆದರು, ಬಲಕ್ಕೇ ಹೋಯಿತು. ಚೆಂಡಿನ ಬುಟ್ಟಿ ತಂದಿಟ್ಟು ನೋಡುತ್ತ ನಿಂತಿದ್ದ ಹುಡುಗ ಮೆಲ್ಲಗೆ ಅಂದ: 'ಸರ್‌ಜೀ, ಪೇಚ್ ತೋ ಠೀಕ್ ಹೈ, ಕಂಧಾ ಖುಲ್ ರಹಾ ಹೈ.' ತಿರುಪು ಸರಿಯಾಗೇ ಇದೆ, ತೆರೆದುಕೊಳ್ಳುತ್ತಿರುವುದು ನಿಮ್ಮ ಭುಜ ಅಂತ.

ಮನೆಗೆ ಬಂದ ಮೇಲೆ ಈ ತಿರುಪಿನ ಜಾಡು ಹಿಡಿದು ಹೋದೆ. ಕೋಡು ಬರೆಯುವುದನ್ನು ಬಿಟ್ಟು ಕೋಡು ಬರೆಯುವವರನ್ನು ಕಾಯುವ ಕೆಲಸಕ್ಕೆ ಬಂದ ಮೇಲೆ ಇಂಥದಕ್ಕೆ ಪುರುಸೊತ್ತು ಸಿಗುತ್ತದೆ.

2004ರಲ್ಲಿ ಟೇಲರ್‌ಮೇಡ್ ಕಂಪನಿ ಆರ್7 ಕ್ವಾಡ್ ಎಂಬ ಡ್ರೈವರನ್ನು ತಂದಿತು. ಅದರ ತಲೆಯಲ್ಲಿ ನಾಲ್ಕು ಪುಟ್ಟ ತೂಕಗಳು. ಅವನ್ನು ಕಳಚಿ ಜಾಗ ಬದಲಿಸಬಹುದಿತ್ತು. ತೂಕ ಬದಲಿಸಲು ನಿಯಮದ ಅಡ್ಡಿಯಿರಲಿಲ್ಲ, ಆದರೆ ಮುಖದ ಓರೆಯನ್ನೇ ಬದಲಿಸುವಂತಿರಲಿಲ್ಲ. ಸೇಂಟ್ ಆಂಡ್ರೂಸಿನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ, ಆಟದ ನಿಯಮ ಬರೆಯುವ ಈ ಎರಡು ಸಂಸ್ಥೆಗಳು 2008ರ ಜನವರಿ 1ರಿಂದ ಆ ಬಾಗಿಲನ್ನೂ ತೆರೆದವು. ಮರುವರ್ಷವೇ ಆರ್9 ಬಂತು. ತಲೆಯನ್ನು ಎಂಟು ರೀತಿ ಕೂರಿಸಬಹುದು, ತೂಕಗಳನ್ನೂ ಸರಿಸಬಹುದು. ಎರಡೂ ಸೇರಿದರೆ ಚೆಂಡು ಬೀಳುವ ಜಾಗ ಎಡದಿಂದ ಬಲಕ್ಕೆ 75 ಗಜದವರೆಗೆ ಬದಲಾಗುತ್ತದೆ ಎಂದು ಕಂಪನಿಯ ಜಾಹೀರಾತು. ಪಿಚ್ಚಿನಿಂದ ಬೌಂಡರಿ ಹಗ್ಗದಷ್ಟು ದೂರ ಅಂದುಕೊಳ್ಳಿ. ಒಂದೆರಡು ವರ್ಷದಲ್ಲಿ ಉಳಿದ ಕಂಪನಿಗಳೂ ಇದೇ ದಾರಿ ಹಿಡಿದವು.

ನಿಯಮದಲ್ಲಿ ಒಂದು ಷರತ್ತಿದೆ, ನಮ್ಮ ಕಸುಬಿನವರಿಗೆ ಕೂಡಲೇ ಅರ್ಥವಾಗುವಂಥದ್ದು. ಮನೆಯಲ್ಲಿ ಎಷ್ಟು ಬೇಕಾದರೂ ತಿರುಪಿಕೊಳ್ಳಿ, ಆಟ ಶುರುವಾದ ಮೇಲೆ ಹಾಗೆ ಬದಲಿಸಿದ ಕೋಲಿನಿಂದ ಹೊಡೆಯುವಂತಿಲ್ಲ. ಹೊಡೆದರೆ ಸ್ಪರ್ಧೆಯಿಂದಲೇ ಹೊರಗೆ. ಅಪ್ಪಟ ಕೋಡ್ ಫ್ರೀಜ್!

ತಿರುಪಿನ ಯೋಚನೆ ಹೊಸದೂ ಅಲ್ಲ. 1890ರ ದಶಕದಲ್ಲೇ ಸ್ಕಾಟ್ಲೆಂಡಿನ ಅರ್ಕರ್ಟ್ ಎಂಬವರು ಮುಖದ ಓರೆ ಬದಲಿಸಬಹುದಾದ ಕಬ್ಬಿಣದ ಕೋಲಿಗೆ ಪೇಟೆಂಟ್ ಪಡೆದಿದ್ದರು. ಒಂದೇ ಕೋಲಿನಲ್ಲಿ ಹಲವು ಕೋಲುಗಳ ಕೆಲಸ. 'ಇದು ಆಟವಲ್ಲ' ಎಂಬ ಫೌಜಿಯವರ ಮಾತು ಇನ್ನೂ ಹಳೆಯದು. 1848ರ ಹೊತ್ತಿಗೆ ಮಲಯಾದ ಮರದ ಅಂಟಿನಿಂದ, ಅಂದರೆ ಗಟ್ಟಾಪರ್ಚಾದಿಂದ ಮಾಡಿದ ಅಗ್ಗದ ಚೆಂಡು ಬಂತು. ಅದಕ್ಕೆ ಮೊದಲು ಚರ್ಮದ ಚೀಲದೊಳಗೆ ಒಂದು ಟೋಪಿ ತುಂಬುವಷ್ಟು ಪುಕ್ಕ ತುರುಕಿ ಹೊಲಿಯುತ್ತಿದ್ದರು. ಸೇಂಟ್ ಆಂಡ್ರೂಸಿನ ಅಲನ್ ರಾಬರ್ಟ್‌ಸನ್ ಪುಕ್ಕದ ಚೆಂಡಿನ ದೊಡ್ಡ ಕುಶಲಕರ್ಮಿ. ತನ್ನ ಜೊತೆ ಕೆಲಸ ಮಾಡುತ್ತಿದ್ದ ಟಾಮ್ ಮೋರಿಸ್ ಅಂಟಿನ ಚೆಂಡಿನಲ್ಲಿ ಆಡಿದ್ದು ಕಂಡು ಆತ ಸಿಟ್ಟಾದ, ಇಬ್ಬರೂ ಬೇರೆಯಾದರು. 1851ರಲ್ಲಿ ಮೋರಿಸ್ ಪ್ರೆಸ್ಟ್‌ವಿಕ್‌ಗೆ ಹೋಗಿ ನೆಲೆಸಿದ. ರಾಬರ್ಟ್‌ಸನ್ನನ ಬಾಯಲ್ಲಿದ್ದದ್ದು ಆಟದ ಶುದ್ಧಿಯ ಮಾತೋ, ಹೊಟ್ಟೆಪಾಡಿನ ಭಯವೋ? ನನಗೆ ಎರಡನೆಯದೇ ಹೆಚ್ಚು ಕಾಣುತ್ತದೆ, ಅದರಲ್ಲಿ ತಪ್ಪೂ ಕಾಣುವುದಿಲ್ಲ. 1904ರದ್ದು ಬೇರೆ ಥರದ ಕಥೆ. ಅಮೆರಿಕದ ವಾಲ್ಟರ್ ಟ್ರಾವಿಸ್ ಹೊಸ ಬಗೆಯ ಪಟ್ಟರ್ ಹಿಡಿದು ಹೋಗಿ ಬ್ರಿಟಿಷ್ ಅಮೆಚೂರ್ ಗೆದ್ದುಬಂದ. 1910ರಲ್ಲಿ ಬ್ರಿಟನ್ನಿನವರು ಅಂಥ ಪಟ್ಟರನ್ನೇ ನಿಷೇಧಿಸಿದರು. ಆ ನಿಷೇಧ 1952ರ ತನಕ ಇತ್ತು.

ನಮಗೆ ಹೆಚ್ಚು ಹತ್ತಿರದ ವರ್ಷ 1979. ಡ್ರೈವರಿನ ತಲೆಯನ್ನು ಆಗೆಲ್ಲ ಮಾಡುತ್ತಿದ್ದದ್ದು ಪರ್ಸಿಮನ್ ಮರದಲ್ಲಿ. ನಮ್ಮ ಬೀಡಿ ಎಲೆಯ ಮರದ ಕುಲದ್ದೇ ಅದು. ಚಳಿಗಾಲದ ಹೊತ್ತಿಗೆ ಇಲ್ಲಿನ ಗಾಡಿಗಳಲ್ಲಿ 'ಜಪಾನಿ ಫಲ್' ಅಂತ ಟೊಮೆಟೊ ಥರದ ಹಣ್ಣು ಬರುತ್ತದಲ್ಲ, ಅದರ ಅಮೆರಿಕದ ದಾಯಾದಿ. ಆ ವರ್ಷ ಗ್ಯಾರಿ ಆಡಮ್ಸ್ ಎಂಬಾತ ಟೇಲರ್‌ಮೇಡ್ ಕಂಪನಿ ಕಟ್ಟಿ ಉಕ್ಕಿನ ತಲೆಯ ಡ್ರೈವರ್ ಮಾರಲು ಹೊರಟ. ಉಕ್ಕಿನೂರಿನ ಹೆಸರು ಸೇರಿಸಿ ಅದಕ್ಕೆ 'ಪಿಟ್ಸ್‌ಬರ್ಗ್ ಪರ್ಸಿಮನ್' ಎಂದು ಕರೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಪರ್ತ್ ಟೆಸ್ಟಿಗೆ ಡೆನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟ್ ಹಿಡಿದು ಬಂದ. ಚೆಂಡು ಹಾಳಾಗುತ್ತದೆ ಎಂದು ಇಂಗ್ಲೆಂಡ್ ನಾಯಕ ಬ್ರಿಯರ್ಲಿ ದೂರಿದ, ಗಲಾಟೆಯಾಯಿತು, ಕೊನೆಗೆ ಲಿಲ್ಲಿ ಬ್ಯಾಟನ್ನು ಬಿಸಾಡಿದ. 1980ರಲ್ಲಿ ಬ್ಯಾಟಿನ ಹಲಗೆ ಮರದ್ದೇ ಆಗಿರಬೇಕೆಂದು ಕ್ರಿಕೆಟ್ಟಿನ ನಿಯಮವೇ ಬಂತು.

ಒಂದೇ ವರ್ಷ, ಎರಡು ಆಟ, ಎರಡು ತೀರ್ಪು. ಕ್ರಿಕೆಟ್ ಮರವನ್ನು ಉಳಿಸಿಕೊಂಡಿತು. ಹಾಗಾಗಿ ಇಲ್ಲಿಂದ ಒಂದೆರಡು ಗಂಟೆ ದೂರದ ಮೇರಠ್‌ನಲ್ಲಿ ಇವತ್ತಿಗೂ ವಿಲ್ಲೋ ಹೆರೆಯುವ ಕೈಗಳಿಗೆ ಕೆಲಸವಿದೆ. ಗಾಲ್ಫು ಲೋಹವನ್ನು ಒಳಗೆ ಬಿಟ್ಟುಕೊಂಡಿತು. ಪರ್ಸಿಮನ್ ಹೋಯಿತು, ಉಕ್ಕಿನ ಹಿಂದೆ ಟೈಟೇನಿಯಂ ಬಂತು, ತಲೆ ಊದುತ್ತ ಹೋಯಿತು. ಕೊನೆಗೆ 460 ಸಿಸಿಗಿಂತ ದೊಡ್ಡದಾಗಬಾರದೆಂದು ಮಿತಿ ಹಾಕಬೇಕಾಯಿತು. ಎಷ್ಟೋ ಬುಲೆಟ್ ಬೈಕುಗಳಿಗಿಂತ ಜಾಸ್ತಿ ಸಿಸಿ ಅಂತ ನಮ್ಮ ಹಿರಿಯರ ಜೋಕು. ದೊಡ್ಡ ತಲೆಯಿಂದ ಏಟು ನಡುವಿಗೆ ಬೀಳದಿದ್ದರೂ ಚೆಂಡು ಮುಂದೆ ಹೋಗುತ್ತದೆ. ನನ್ನಂಥ, ನಲವತ್ತು ದಾಟಿ ಕಲಿಯಲು ಬಂದವರು ಈ ಆಟದಲ್ಲಿ ಉಳಿದಿರುವುದೇ ಅದರಿಂದ. ಆದ್ದರಿಂದ ಫೌಜಿಯವರ ಪಕ್ಷ ವಹಿಸಲು ನನಗೆ ಬಾಯಿಲ್ಲ.

ನನ್ನನ್ನು ಕಾಡುವುದು ಬುಟ್ಟಿಯ ಹುಡುಗನ ಮಾತು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅಂದಿನಿಂದ ಈ ಆಟವನ್ನು ಅತಿ ಹತ್ತಿರದಿಂದ ನೋಡಿದವರಲ್ಲಿ ಕ್ಲಬ್ಬಿನ ಸದಸ್ಯರಲ್ಲದವರೇ ಬಹಳ. ಚೀಲ ಹೊರುವ ಕ್ಯಾಡಿಗಳು, ಹುಲ್ಲು ನೋಡಿಕೊಳ್ಳುವವರು. 1964ರಲ್ಲಿ ಶುರುವಾದ ಇಂಡಿಯನ್ ಓಪನನ್ನು ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ, 1991ರ ಅಲಿ ಶೇರ್, ದೆಹಲಿ ಗಾಲ್ಫ್ ಕ್ಲಬ್ಬಿನ ಕ್ಯಾಡಿಯಾಗಿದ್ದವರು. ಆ ಅಂಗಳ ಎಷ್ಟು ಇಕ್ಕಟ್ಟೆಂದರೆ, ಎರಡೂ ಬದಿಯ ಪೊದೆಗಳಿಗೆ ಹೆದರಿ ಎಷ್ಟೋ ಜನ ಡ್ರೈವರನ್ನು ಚೀಲದಿಂದ ತೆಗೆಯುವುದೇ ಇಲ್ಲ.

ಇನ್ನು ನಮ್ಮ ಮುನಿಯಪ್ಪ. ಬೆಂಗಳೂರಿನ ಚಿನ್ನಸ್ವಾಮಿ ಮುನಿಯಪ್ಪ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಂಗಳದಲ್ಲಿ ಕ್ಯಾಡಿಯಾಗಿದ್ದವರು. 2009ರ ಅಕ್ಟೋಬರಿನಲ್ಲಿ ಗುರುಗ್ರಾಮದ ಡಿಎಲ್ಎಫ್ ಅಂಗಳದಲ್ಲಿ ಇಂಡಿಯನ್ ಓಪನ್ ಗೆದ್ದರು. ಕೊರಿಯಾದ ಲೀ ಸುಂಗ್ ಜೊತೆ ಸಮ ಬಂದು, ಪ್ಲೇಆಫಿನಲ್ಲಿ ಗೆದ್ದದ್ದು. ಎಂಟು ಮನೆಯ ಆ ತಿರುಪು ಅಂಗಡಿಗೆ ಬಂದ ವರ್ಷವೇ ಇದೂ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಯಾಕೋ ಖುಷಿಯಾಯಿತು. ಕಂಡವರ ಚೀಲ ಹೊತ್ತು, ಕಂಡವರ ಹೊಡೆತ ನೋಡಿ ನೋಡಿ ಕಲಿತವರಿಗೆ ತಪ್ಪು ಎಲ್ಲಿದೆ ಅಂತ ಗೊತ್ತಾಗುವುದು ಕೋಲಿನಿಂದಲ್ಲ, ಮೈಯಿಂದ.

ಅದೇ ಕೆಜಿಎಯಲ್ಲಿ ಎಳವೆಯಲ್ಲಿ ಕೋಲು ಹಿಡಿದ ಅದಿತಿ ಅಶೋಕ್ 2016ರಲ್ಲಿ ಅದೇ ಡಿಎಲ್ಎಫ್‌ನಲ್ಲಿ ಮಹಿಳೆಯರ ಇಂಡಿಯನ್ ಓಪನ್ ಗೆದ್ದಳು. ಆದರೆ ಅವಳ ಹೆಸರು ಹೇಳಿದರೆ ನಮಗೆಲ್ಲ ನೆನಪಾಗುವುದು 2021ರ ಆಗಸ್ಟ್ 7, ಟೋಕಿಯೋ ಒಲಿಂಪಿಕ್ಸಿನ ಕೊನೆಯ ಸುತ್ತು. ಗಾಲ್ಫ್ ಅಂದರೆ ಏನೆಂದು ಗೊತ್ತಿಲ್ಲದ ನನ್ನ ಹೆಂಡತಿಯೂ ನಸುಕಿನಲ್ಲೆದ್ದು ಟೀವಿ ಮುಂದೆ ಕೂತಿದ್ದಳು. ಅದಿತಿಯ ಡ್ರೈವ್ ಆ ಅರವತ್ತು ಜನರಲ್ಲಿ ತೀರಾ ಗಿಡ್ಡವಾದವುಗಳಲ್ಲಿ ಒಂದು. ಕೋವಿಡ್ ಬಂದು ಹೋದ ಮೇಲೆ ಶಕ್ತಿ ಇನ್ನಷ್ಟು ಕುಂದಿತ್ತು. ಉಳಿದವರ ಚೆಂಡು ಮುಂದೆ ಮುಂದೆ, ಅವಳದು ಹಿಂದೆ. ಅಲ್ಲಿಂದಲೇ ಗುರಿಯಿಟ್ಟು ಹಸಿರಿನ ಮೇಲೆ ತಂದು, ಪಟ್ಟರಿನಲ್ಲಿ ಚೆಂಡನ್ನು ಕುಳಿಗೆ ಇಳಿಸುತ್ತಿದ್ದಳು. ನಾಲ್ಕನೇ ಸ್ಥಾನ, ಪದಕ ಒಂದೇ ಹೊಡೆತದಿಂದ ತಪ್ಪಿತು. ಕ್ಯಾಡಿಯಾಗಿ ಚೀಲ ಹೊತ್ತಿದ್ದವರು ಅವಳ ತಾಯಿ.

ನಮ್ಮ ಹಿರಿಯರು ಫೆಬ್ರವರಿಯವರೆಗೂ ತಿರುಪುತ್ತಲೇ ಇದ್ದರು. ಯಾವ ದಿನ ಯಾವ ಮನೆ, ಚೆಂಡು ಎಲ್ಲಿ ಬಿತ್ತು ಅಂತ ಎಕ್ಸೆಲ್ ಶೀಟು ಬೇರೆ. ಹೋಳಿ ಹತ್ತಿರ ಬಂದಾಗ ಒಂದು ಭಾನುವಾರ ಆ ಹುಡುಗನನ್ನು ಕರೆದು, ಭುಜ ಎಲ್ಲಿ ತೆರೆಯುತ್ತದೆ ತೋರಿಸಪ್ಪಾ ಅಂದರು. ಅವನು ಅವರ ಬಲ ಕಂಕುಳಿಗೆ ಒಂದು ಕರವಸ್ತ್ರ ಸಿಕ್ಕಿಸಿ, ಇದು ಕೆಳಗೆ ಬೀಳದ ಹಾಗೆ ಹೊಡೀರಿ ಅಂದ. ಮೊದಲ ಹತ್ತು ಸಲವೂ ಕರವಸ್ತ್ರ ಬಿತ್ತು. ಹನ್ನೊಂದನೆಯ ಚೆಂಡು ಎಡಕ್ಕೆ ಹೋಯಿತು. ಸ್ಪ್ಯಾನರ್ ಎಲ್ಲಿ ಅಂತ ಅವರು ಚೀಲಕ್ಕೆ ಕೈ ಹಾಕಿದರು.