ಪಾವಿಯಾದ ಬಣ್ಣ, ಹೆಬ್ಬಾಳದ ಪ್ರತಿಕಾಯ: ಅಂಗಾಂಶದಲ್ಲಿ ಪ್ರೋಟೀನ್ ಪತ್ತೆಯ ಚರಿತ್ರೆ

1898ರಲ್ಲಿ ಇಟಲಿಯ ಪಾವಿಯಾದಲ್ಲಿ ಕಮಿಲ್ಲೊ ಗಾಲ್ಜಿ ಗೂಬೆಯ ಕಿರುಮಿದುಳಿನ ಕೋಶಗಳಿಗೆ ಬೆಳ್ಳಿ ಲವಣದ ಬಣ್ಣ ಹಿಡಿಸಿ, ಅವುಗಳೊಳಗೆ ಬಲೆಯಂಥ ರಚನೆಯೊಂದನ್ನು ಕಂಡರು. ಇಂದು ಅದಕ್ಕೆ ಗಾಲ್ಜಿ ಸಂಕೀರ್ಣವೆಂದು ಹೆಸರು. 1903ರಲ್ಲಿ ಅದೇ ಪ್ರಯೋಗಾಲಯದ ಅಡೆಲ್ಕಿ ನೆಗ್ರಿ, ಹುಚ್ಚು (ರೇಬೀಸ್) ಹಿಡಿದ ಪ್ರಾಣಿಗಳ ನರಕೋಶಗಳಲ್ಲಿ ದುಂಡನೆಯ ಕಾಯಗಳನ್ನು ಗುರುತಿಸಿದರು; ಅವೇ ನೆಗ್ರಿ ಕಾಯಗಳು. ಎರಡು ಶೋಧಗಳೂ ಒಂದೇ ತೊಡಕಿಗೆ ಸಿಕ್ಕಿದವು. ಗಾಲ್ಜಿ ಕಂಡ ಬಲೆ ಬೆಳ್ಳಿಯಿಂದಲೇ ಮೂಡಿದ ತೋರಿಕೆ ಎಂಬ ವಾದ 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದನ್ನು ತೋರಿಸಿಕೊಡುವವರೆಗೂ ನಡೆಯಿತು. ನೆಗ್ರಿ ತಾವು ಕಂಡದ್ದು ಏಕಕೋಶದ ಪರಾವಲಂಬಿ ಎಂದೇ ನಂಬಿದ್ದರು; ಅದು ವೈರಸ್ಸಿನ ಪ್ರೋಟೀನ್ ಕೂಡಿಕೊಂಡ ಜಾಗವಾಗಿತ್ತು. ಬಣ್ಣಕ್ಕೆ ಆಕಾರ ಗೊತ್ತು, ಗುರುತು ಗೊತ್ತಿಲ್ಲ. ಈ ಚರಿತ್ರೆಯ ತಿರುಳು ಇಲ್ಲಿದೆ ಎಂಬುದು ನನ್ನ ನಿಲುವು.

ಗುರುತು ಹೇಳುವ ಕೆಲಸ, ತನ್ನ ಗುರಿಯನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯದ್ದಾಯಿತು. 1940ರ ದಶಕದ ಆರಂಭದಲ್ಲಿ ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಜೋಡಿಸಿ, ಅಂಗಾಂಶದಲ್ಲಿ ಅಡಗಿದ್ದ ರೋಗಾಣುವಿನ ಅಂಶವನ್ನು ಕಾಣುವಂತೆ ಮಾಡಿದರು. 1958ರಲ್ಲಿ ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ ಇದೇ ವಿಧಾನವನ್ನು ರೇಬೀಸ್‌ಗೆ ಅಳವಡಿಸಿದರು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿದರು. ಗಾಲ್ಜಿ ಸಂಕೀರ್ಣದ ಪ್ರೋಟೀನ್‌ಗಳ ಕಥೆ ಇನ್ನೂ ಸ್ವಾರಸ್ಯದ್ದು: ಕೆಲವು ರೋಗಿಗಳ ರಕ್ತದಲ್ಲಿ ತಮ್ಮದೇ ಗಾಲ್ಜಿಗೆ ಅಂಟುವ ಪ್ರತಿಕಾಯಗಳಿದ್ದವು. ಅವುಗಳನ್ನೇ ಬಳಸಿ 1993ರಲ್ಲಿ ಗಾಲ್ಜಿನ್ ಎಂಬ ಪ್ರೋಟೀನ್‌ಗಳ ಗುಂಪನ್ನು ಗುರುತಿಸಲಾಯಿತು.

ಪಾವಿಯಾದ ಎರಡನೆಯ ಕವಲು, ಅಂದರೆ ನೆಗ್ರಿಯ ರೇಬೀಸ್ ಶೋಧ, ಕರ್ನಾಟಕದಲ್ಲಿ ಜೀವಂತವಾಗಿದೆ. ಮನುಷ್ಯರ ರೇಬೀಸ್ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ, ಪ್ರಾಣಿಗಳದ್ದು ಅದೇ ನಗರದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನಡೆಯುತ್ತದೆ. ರೇಬೀಸ್ ಇದ್ದೂ ನೆಗ್ರಿ ಕಾಯಗಳು ಕಾಣಿಸದ ಮಿದುಳುಗಳು ಕಡಿಮೆಯೇನಲ್ಲ. ಆದ್ದರಿಂದ ಹಳೆಯ ಬಣ್ಣವನ್ನೇ ನಂಬಿ ಕೂರುವಂತಿಲ್ಲ. ಹೊಳೆಯುವ ಪ್ರತಿಕಾಯದ ಪರೀಕ್ಷೆಗೆ ದುಬಾರಿ ಸೂಕ್ಷ್ಮದರ್ಶಕ ಬೇಕು. ಆ ಕೊರತೆ ನೀಗಿಸಲು ಬಂದದ್ದು ಡಿಆರ್‌ಐಟಿ ಎಂಬ ತ್ವರಿತ ವಿಧಾನ. ಮಿದುಳು ಕಾಂಡದ ಅಚ್ಚನ್ನು ಸ್ಲೈಡಿಗೆ ಒತ್ತಿ, ಫಾರ್ಮಾಲಿನ್‌ನಲ್ಲಿ ಅದ್ದಿ, ವೈರಸ್ಸಿನ ನ್ಯೂಕ್ಲಿಯೋಪ್ರೋಟೀನಿಗೆ ಅಂಟುವ ಪ್ರತಿಕಾಯ ಹಾಕುತ್ತಾರೆ. ನೀಲಿ ಹಿನ್ನೆಲೆಯಲ್ಲಿ ಕೆಂಪು ಚುಕ್ಕೆಗಳು ಮೂಡಿದರೆ ವೈರಸ್ ಇದೆಯೆಂದರ್ಥ. ಸಾಮಾನ್ಯ ಸೂಕ್ಷ್ಮದರ್ಶಕವೇ ಸಾಕು, ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕಿಲ್ಲ.

ಗುಬ್ಬಿ ತಾಲ್ಲೂಕಿನ ಚೇಳೂರಿನಂಥ ಊರಿನ ದೃಷ್ಟಿಯಿಂದ ನೋಡಿದರೆ, ಪ್ರತಿಕಾಯದಷ್ಟೇ ಮುಖ್ಯವಾದದ್ದು ಮಾದರಿ ತೆಗೆಯುವ ಕ್ರಮ. ಸತ್ತ ನಾಯಿಯ ತಲೆಬುರುಡೆ ಒಡೆಯುವ ಸೌಕರ್ಯ ಹಳ್ಳಿಯಲ್ಲಿ ಎಲ್ಲಿಂದ ಬರಬೇಕು? ತಲೆಬುರುಡೆಯ ಹಿಂಭಾಗದಲ್ಲಿ ಕತ್ತು ಸೇರುವೆಡೆ ಇರುವ ರಂಧ್ರದಿಂದ ಪ್ಲಾಸ್ಟಿಕ್ ಕೊಳವೆ ತೂರಿಸಿ ಮಿದುಳು ಕಾಂಡದ ತುಣುಕು ತೆಗೆಯಬಹುದು. ತರಬೇತಿ ಪಡೆದು, ಲಸಿಕೆ ಹಾಕಿಸಿಕೊಂಡ ಪಶುವೈದ್ಯ ಸಿಬ್ಬಂದಿ ಮಾತ್ರ ಈ ಕೆಲಸಕ್ಕೆ ಕೈಹಾಕಬೇಕು. ತುಣುಕನ್ನು ಮಂಜುಗಡ್ಡೆಯಲ್ಲಿಟ್ಟು ಬೆಂಗಳೂರಿಗೆ ಕಳಿಸಬೇಕು. ಮನುಷ್ಯರಿಗೆ ತಗಲುವ ರೇಬೀಸನ್ನು ಕರ್ನಾಟಕ ಸರ್ಕಾರ 2022ರ ಡಿಸೆಂಬರಿನಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಕಚ್ಚಿಸಿಕೊಂಡವರು ಪ್ರಯೋಗಾಲಯದ ವರದಿಗೆ ಕಾಯದೆ ಗಾಯವನ್ನು ಸೋಪು ಹಚ್ಚಿ ತೊಳೆದು ಕೂಡಲೇ ಚಿಕಿತ್ಸೆ ಪಡೆಯಬೇಕು. ಅದೇ ನಾಯಿ ಇನ್ನಾರನ್ನು, ಯಾವ ದನಕರುವನ್ನು ಕಚ್ಚಿದೆ ಎಂದು ಹುಡುಕಿ ಹೊರಡಲು ಆ ವರದಿ ಬೇಕು.