ಊರು, ನಂಬರು, ವರ್ಷ: ಫ್ಲೂ ವೈರಸ್ಸಿನ ಜಾತಕ

ಮೊನ್ನೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಆಫೀಸ್ ಬಸ್ಸಿನಲ್ಲಿ ಗೆಳೆಯ ಕೆಮ್ಮುತ್ತಲೇ ಕೇಳಿದ: "ಹೋದ ವರ್ಷ ಫ್ಲೂ ಇಂಜೆಕ್ಷನ್ ತಗೊಂಡಿದ್ನಲ್ಲೋ, ಈ ವರ್ಷ ಮತ್ತೆ ಯಾಕೆ?" ಬಸ್ಸು ಆಗ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ದಾಟುತ್ತಿತ್ತು. 2009ರಲ್ಲಿ ಹಂದಿಜ್ವರ ಬಂದಾಗ ಬೆಂಗಳೂರಿನವರ ಗಂಟಲ ದ್ರವ ಪರೀಕ್ಷಿಸಿದ ಲ್ಯಾಬು ಇದರೊಳಗೇ ಇತ್ತು. ನಾನಾಗ ಸ್ಕೂಲು ಹುಡುಗ. ಮಾಸ್ಕ್ ಮಾತ್ರ ನೆನಪಿದೆ.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ, ಫ್ಲೂ ವೈರಸ್ಸು 8 ತುಂಡುಗಳಲ್ಲಿರುವ ಸುಮಾರು 13,500 ಅಕ್ಷರಗಳ ಕೋಡು. ನಕಲಾಗುವಾಗ ತಪ್ಪುಗಳು ನುಸುಳುತ್ತವೆ, ತಿದ್ದುವವರಿಲ್ಲ. ಕೆಲವು ತಪ್ಪುಗಳಿಂದ ವೈರಸ್ಸಿನ ಹೊರಮೈಯೇ ಬದಲಾಗಿ, ಹಳೇ ಲಸಿಕೆ ಪಡೆದ ದೇಹಕ್ಕೆ ಅದರ ಗುರುತು ಹತ್ತುವುದಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 1952ರಿಂದ ದೇಶದೇಶಗಳ ಲ್ಯಾಬುಗಳನ್ನು ಜೋಡಿಸಿಕೊಂಡು ಮಾದರಿ ಕೂಡಿಹಾಕುತ್ತಿದೆ. ಈಗ ವರ್ಷಕ್ಕೆರಡು ಸಲ ಲಸಿಕೆಯ ತಳಿಗಳನ್ನು ಆರಿಸುತ್ತದೆ. ತಳಿಯ ಹೆಸರಲ್ಲೇ ಊರು, ನಂಬರು, ವರ್ಷ ಇರುತ್ತೆ: ಕ್ಯಾಲಿಫೋರ್ನಿಯಾ/7/2009 ಅಂತ.

ಇದರಲ್ಲಿ ನಮ್ಮ ಪಾಲೆಷ್ಟು? 2015ರ ಶುರುವಿನಲ್ಲಿ ಹಂದಿಜ್ವರ ಮತ್ತೆ ಜೋರಾಯ್ತು, ಕರ್ನಾಟಕದಲ್ಲೂ ಜನ ಸತ್ತರು. ಮಾರ್ಚಿನಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಭಾರತದ ವೈರಸ್ ಬದಲಾಗಿದೆ ಅಂದರು. ಪುಣೆಯ ಎನ್‌ಐವಿ ಒಪ್ಪಲಿಲ್ಲ. ಎಂಐಟಿಯವರ ದೂರು ಕೇಳಿ: ಹಿಂದಿನ ಎರಡು ವರ್ಷಗಳಲ್ಲಿ ಸಾರ್ವಜನಿಕ ಡೇಟಾಬೇಸಿಗೆ ಸೇರಿದ್ದ ಭಾರತದ ತಳಿಗಳು ಎರಡೇ ಎರಡು! ನೂರಿಪ್ಪತ್ತು ಕೋಟಿ ಜನರ ದೇಶದ ಲಾಗ್ ಫೈಲಿನಲ್ಲಿ ಎರಡು ಸಾಲು. ಬಗ್ ಎಲ್ಲಿದೆ ಅಂತ ಹುಡುಕೋದು ಹೇಗೆ?

ಲಸಿಕೆಯಲ್ಲಿ ಕ್ಯಾಲಿಫೋರ್ನಿಯಾ ಬದಲು ಮಿಚಿಗನ್/45/2015 ಹಾಕಬೇಕೆಂದು ತೀರ್ಮಾನವಾದದ್ದು 2016ರ ಸೆಪ್ಟೆಂಬರಿನಲ್ಲಿ.

ಗೆಳೆಯನಿಗೆ ಹೇಳಿದೆ: "ಇಂಜೆಕ್ಷನ್ ತಗೋ ಮಾರಾಯ. ಡಾಕ್ಟರು ಸ್ವಾಬ್ ಕೊಡು ಅಂದ್ರೆ ತಪ್ಪಿಸ್ಕೋಬೇಡ." ಆ ಲಾಗಿಗೆ ನಮ್ಮೂರಿನದೂ ಒಂದು ಸಾಲು ಸೇರಲಿ. ಏನಂತೀರಾ?